ಪನ್ನೀರು ಗುಲಾಬಿಯೂ ಸಣ್ಣಮ್ಮನ ಮಗನೂ

ಒಂದೂರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಸಣ್ಣಮ್ಮ, ಮಗ ಚೆಲುವ. ಹೆಸರಿಗೆ ತಕ್ಕ ಹಾಗೆ ನೋಡಲು ಚೆಲುವನೇ. ಎತ್ತರದ ಆಳು, ಎತ್ತಿನಂಥ ತೋಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅಂಥ ಮಗ ಯಾವ ತಾಯಿಗೆ ಬೇಡ ಅನ್ನುತ್ತೀರಾ? ಸಣ್ಣಮ್ಮನನ್ನು ಕೇಳಿ!

ಚೆಲುವ ಹುಟ್ಟಿದಾಗ ಸಣ್ಣಮ್ಮನಿಗೆ ಜ್ವರ ಹಿಡಿದು ಎದೆಹಾಲು ಬತ್ತಿಹೋಗಿತ್ತು. ಪಕ್ಕದ ಮನೆಯ ದೇವೀರಮ್ಮ ತನ್ನ ಮಗಳು ರತ್ನಿಯನ್ನು ಒಂದು ತೊಡೆಯ ಮೇಲೆ, ಇವನನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಂಡು ಹಾಲು ಕೊಟ್ಟು ಬದುಕಿಸಿದಳು. ಈಗ ದೇವೀರಮ್ಮನ ಗಂಡ ತೀರಿಹೋಗಿದ್ದ. ರತ್ನಿಗೆ ಗಂಡು ನೋಡುತ್ತಿದ್ದರು.

"ಅಕ್ಕಾ, ರತ್ನಿಗೆ ಹೂವ ಮುಡಿಸೋ ಶಾಸ್ತ್ರಕ್ಕೆ ಹೊರಗಿಂದ ಒಂದು ಹೂವನ್ನೂ ತರಬೇಡ. ಎಲ್ಲ ನನ್ನ ಹಿತ್ತಿಲ ಗುಲಾಬಿನೇ" ಎಂದು ಸಣ್ಣಮ್ಮ ಮಾತು ಕೊಟ್ಟಳು. ಕೊಡಲು ಅವಳಲ್ಲಿ ಬೇರೇನಿತ್ತು? ಇದ್ದದ್ದು ಒಂದು ಕರೆಯೋ ಎಮ್ಮೆ, ಒಂದು ಪನ್ನೀರು ಗುಲಾಬಿ ಗಿಡ, ಒಬ್ಬ ಮಗ. ಮಗನ ಕೈಯಿಂದ ಗಿಡವನ್ನು ಕಾಪಾಡುವುದೇ ಅವಳ ಪಾಡು.

ಒಂದು ದಿನ ಗದ್ದೆಗೆ ಕಳೆ ಕೀಳಲು ಹೊರಟ ಸಣ್ಣಮ್ಮ ಹೇಳಿದಳು: "ಲೋ ಚೆಲುವ, ಗುಲಾಬಿಗೆ ನೀರು ಹಾಕ್ಲಾ. ಎಲೆಗೆ ಚೆಲ್ಲಬೇಡ, ರೋಗ ಬತ್ತದೆ. ಬೇರಿಗೆ ಹಾಕು."

"ಆಯ್ತು ಕಣವ್ವ. ಬೇರಿಗೆ."

ಸಂಜೆ ಬಂದು ನೋಡುತ್ತಾಳೆ, ಗಿಡ ಬಾವಿಕಟ್ಟೆಯ ಮೇಲೆ ಅಡ್ಡ ಮಲಗಿದೆ! ಬೇರು ಬಕೆಟ್ಟಿನೊಳಗಿದೆ!

"ಅಯ್ಯೋ, ಇದೇನ್ಲಾ?"

"ಎಷ್ಟು ನೋಡಿದ್ರೂ ಬೇರು ಕಾಣಲಿಲ್ಲ ಕಣವ್ವ. ಅಗೆದು ಹುಡುಕಿ ನೀರು ಹಾಕಿದೆ!"

"ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದ್ದೀಯ! ಬೇರು ಕಣ್ಣಿಗೆ ಕಾಣಬಾರದು ಕಣೋ! ಕಂಡ ತಕ್ಷಣ ಮಣ್ಣಲ್ಲಿ ಹೂತು, ಕಾಲಲ್ಲಿ ಒತ್ತಿ, ಮೇಲೆ ನೀರು ಹಾಕಬೇಕು!"

"ಆಯ್ತು ಕಣವ್ವ. ಹಾಗೇ ಮಾಡ್ತೀನಿ."

ಸಣ್ಣಮ್ಮ ಗಿಡವನ್ನು ಮತ್ತೆ ನೆಟ್ಟಳು. ಬದುಕಿತು, ಪುಣ್ಯ.

ಮಾರನೆ ದಿನ ದೇವೀರಮ್ಮ ಚೆಲುವನ ಕೈಗೆ ಒಂದು ಕಟ್ಟು ಮೂಲಂಗಿ ಕೊಟ್ಟು, "ನಿಮ್ಮವ್ವಂಗೆ ಕೊಡಪ್ಪ, ಸಾರು ಮಾಡಲಿ" ಅಂದಳು. ಸಣ್ಣಮ್ಮ ಒಲೆ ಹಚ್ಚಿ ಕಾದಳು, ಕಾದಳು. ಮೂಲಂಗಿ ಬರಲಿಲ್ಲ.

"ಎಲ್ಲೋ ಮೂಲಂಗಿ?"

"ಬೇರಲ್ವೇನವ್ವ ಅದು? ಹೂತು, ಒತ್ತಿ, ನೀರು ಹಾಕಿದ್ದೀನಿ!"

"ಹಾಳಾಗ್ಹೋಗ! ಕೊಟ್ಟದ್ದನ್ನ ತೊಳೆದು, ಸಿಪ್ಪೆ ಹೆರೆದು, ತುಂಡು ಮಾಡಿ ಸಾರಿನ ಮಡಕೆಗೆ ಹಾಕಬೇಕು!"

"ಆಯ್ತು ಕಣವ್ವ. ಹಾಗೇ ಮಾಡ್ತೀನಿ."

ಒಂದೇ ಗಿಡದ ಹೂವು ರತ್ನಿಯ ಉದ್ದ ಜಡೆಗೆ ಎಲ್ಲಿ ಸಾಕು? ಸಣ್ಣಮ್ಮ ಗಿಡವನ್ನು ಸವರಿ, ನೆಡಲೆಂದು ಒಳ್ಳೊಳ್ಳೆಯ ಕಡ್ಡಿ ಆರಿಸಿ ಮಗನ ಕೈಗೆ ಕೊಟ್ಟಳು. ಗುದ್ದಲಿ ತಂದು ಗುಂಡಿ ತೋಡಿ, "ಕಡ್ಡಿ ತಾರೋ" ಎಂದು ಕೂಗಿದಳು.

"ಬೇಯ್ತಾ ಇದೆ ಕಣವ್ವ! ಮುಳ್ಳು ಹೆರೆಯೋದೇ ಕಷ್ಟ ಆಯ್ತು. ಉಪ್ಪು ಸಾಕಾ ನೋಡು ಬಾ!"

ಸಣ್ಣಮ್ಮ ಗುಂಡಿಯ ಪಕ್ಕದಲ್ಲೇ ಕುಸಿದು ಕೂತಳು. ಬೈದಳು, ಅತ್ತಳು, ಅಳುತ್ತಲೇ ನಕ್ಕಳು. ಪೆದ್ದನೋ ಜಾಣನೋ, ಕೂಗಿದರೆ ಓ ಅನ್ನಲು ಮಗನಿದ್ದಾನಲ್ಲ! ಹಾಗೆ ಅಂದುಕೊಂಡು ದೇವೀರಮ್ಮನ ಮನೆಯ ಕಡೆಗೆ ಒಮ್ಮೆ ಕೈ ಮುಗಿದಳು. ಆಮೇಲೆ ಮತ್ತೆ ಬೈದಳು.

"ಒಣಕಲು ಕಡ್ಡಿಗೆ ತಲೆ ಮೇಲೆ ಸಗಣಿ ಮೆತ್ತಬೇಕು! ಬುಡ ಕೆಸರಲ್ಲಿ ಊರಬೇಕು! ನೆರಳಲ್ಲಿ ನಿಲ್ಲಿಸಬೇಕು! ಅಲ್ಲಾಡಿಸಬಾರದು! ಆಗ ಚಿಗುರ್ತದೆ!"

"ಆಯ್ತು ಕಣವ್ವ. ಹಾಗೇ ಮಾಡ್ತೀನಿ."

ಬೇರೆ ಕಡ್ಡಿಗಳನ್ನು ಸಣ್ಣಮ್ಮ ತಾನೇ ನೆಟ್ಟಳು. ಅವು ಚಿಗುರಿ ಮೊಗ್ಗು ಕಚ್ಚುವ ಹೊತ್ತಿಗೆ ರತ್ನಿಯನ್ನು ನೋಡಲು ಗಂಡಿನ ತಾತ ಮರಿಗೌಡ ನಡುಮಧ್ಯಾಹ್ನ ಬಂದ. ಕಡ್ಡಿಯಂಥ ಆಳು, ಬೋಳು ತಲೆ. ಬೀದಿಯಲ್ಲಿ ಸಿಕ್ಕಿದ್ದು ಚೆಲುವನೇ.

"ದೇವೀರಮ್ಮನ ಮನೆ ಯಾವುದಪ್ಪ? ಬಿಸಿಲಿಗೆ ಒಣಗಿಹೋದೆ."

"ಒಣಗಿಹೋದ್ರಾ ತಾತ? ಬನ್ನಿ, ಬನ್ನಿ!"

ಗದ್ದಲ ಕೇಳಿ ಸಣ್ಣಮ್ಮ ಓಡಿ ಬಂದಳು. ಹುಣಸೆಮರದ ನೆರಳು. ಮೊಣಕಾಲುದ್ದ ಕೆಸರಲ್ಲಿ ಮರಿಗೌಡ. ಬೋಳು ತಲೆಯ ಮೇಲೆ ಹಸೀ ಸಗಣಿ. ಹೆಗಲು ಹಿಡಿದು ನಿಂತ ಚೆಲುವ.

"ಅಲ್ಲಾಡಬೇಡಿ ತಾತ, ಚಿಗುರೋದಿಲ್ಲ!"

ಸಣ್ಣಮ್ಮನ ಜೀವವೇ ಬಾಯಿಗೆ ಬಂತು. ತನ್ನ ಮಗನನ್ನು ಉಳಿಸಿದವಳ ಮಗಳಿಗೆ ಬಂದ ಸಂಬಂಧ, ತನ್ನ ಮಗನಿಂದಲೇ ಮುರಿದುಹೋಗುವುದೇ! ಕೆಸರಲ್ಲೇ ಮರಿಗೌಡನ ಕಾಲಿಗೆ ಬಿದ್ದಳು. ಅಷ್ಟರಲ್ಲಿ ರತ್ನಿ ಕೊಡ ಹೊತ್ತು ಬಂದು ಮುದುಕನ ತಲೆ ತೊಳೆದಳು, ಕಾಲು ತೊಳೆದಳು, ಸೆರಗಿನಿಂದ ಒರೆಸಿದಳು.

"ಸಗಣಿ ತೊಳೆಯೋವಾಗಲೂ ಮುಖ ಸಿಂಡರಿಸಲಿಲ್ಲ ಈ ಮಗು. ನಮ್ಮ ಮನೆಗೆ ಇವಳೇ ಸೊಸೆ" ಅಂದ ಮರಿಗೌಡ. "ಆದರೆ ಶಾಸ್ತ್ರದ ದಿನ ಇವನನ್ನ ಕಟ್ಟಿಹಾಕಿ!"

ಮನೆಗೆ ಬಂದ ಮೇಲೆ ಸಣ್ಣಮ್ಮ ಮಗನ ಕಿವಿ ಹಿಂಡಿದಳು. "ತಲೆಗೆ ಸಗಣಿ ಇಡ್ತಾರೇನ್ಲಾ? ತಲೆಗೆ ಇಡೋದು ಹೂವ! ಯಾರ ಹಾಲು ಕುಡಿದು ಬದುಕಿದ್ದೀಯೋ ಅವರ ಋಣಕ್ಕೆ ಹೂವ! ಅಂಥವರನ್ನ ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೀಬೇಕು!"

"ಆಯ್ತು ಕಣವ್ವ. ಹಾಗೇ ಮಾಡ್ತೀನಿ."

ಶಾಸ್ತ್ರದ ದಿನ ಬಂತು. ಹಿತ್ತಿಲ ತುಂಬ ಗುಲಾಬಿ! ಸಣ್ಣಮ್ಮ ಮಂಜು ಆರುವ ಮೊದಲೇ ಬಿಡಿಸಿ, ಉದ್ದನೆಯ ದಂಡೆ ಕಟ್ಟಿದಳು. ಅವಳ ಕೈ ತುಂಬ ಹೋಳಿಗೆಯ ಪಾತ್ರೆ. ಹೂವಿನ ಬುಟ್ಟಿ ಹೊರಲು ಇನ್ಯಾರಿದ್ದಾರೆ?

"ಹಿಂದೆನೇ ಬಾರ್ಲಾ" ಎಂದು ಮುಂದೆ ನಡೆದಳು.

ಹೆಂಗಸರು ಸೇರಿದರು, ರತ್ನಿಯನ್ನು ಹಸೆಯ ಮೇಲೆ ಕೂರಿಸಿದರು. ಚೆಲುವ ಬಂದ. ಬುಟ್ಟಿಯಲ್ಲಿ ಒಂದೇ ಒಂದು ಹೂವು!

"ದಂಡೆ ಎಲ್ಲೋ?"

"ನಮ್ಮ ಎಮ್ಮೆಗೆ ಮುಡಿಸಿದೆ ಕಣವ್ವ. ದಿನಾ ಹಾಲು ಕೊಡ್ತದಲ್ಲ!"

"ಅಯ್ಯೋ! ಈ ಒಂದಾದರೂ ಕೊಡು ಇಲ್ಲಿ!"

"ಇದು ದೊಡ್ಡವ್ವಂದು" ಎಂದವನೇ, ಮೂಲೆಯಲ್ಲಿ ನಿಂತಿದ್ದ ದೇವೀರಮ್ಮನ ತುರುಬಿಗೆ ಸಿಕ್ಕಿಸಿಬಿಟ್ಟ.

ಗಂಡ ಹೋದ ಮೇಲೆ ಹೂವು ಕಾಣದ ತುರುಬು ಅದು. ದೇವೀರಮ್ಮನ ಕೈ ಹೂವನ್ನು ಕೀಳಲು ಮೇಲೆ ಹೋಯಿತು. ಎಲ್ಲರೂ ಮರಿಗೌಡನ ಮುಖ ನೋಡಿದರು. ಮರಿಗೌಡ ತನ್ನ ಬೋಳು ತಲೆ ಸವರಿಕೊಂಡ.

"ಆ ಕೈ ನನ್ನ ತಲೆಗೆ ಏನಿಟ್ಟಿತು ಅಂತ ಊರಿಗೆಲ್ಲ ಗೊತ್ತು. ನಿನಗೆ ಹೂವ ಇಟ್ಟಿದೆ. ಪುಣ್ಯವಂತೆ ಕಣಮ್ಮ ನೀನು, ತೆಗೀಬೇಡ!"

ದೇವೀರಮ್ಮನ ಕೈ ಹೂವನ್ನು ಮುಟ್ಟಿ, ಹಾಗೇ ಕೆಳಗೆ ಬಂತು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಸರಿ, ಹುಡುಗಿಗೆ ಹೂವ?" ಅಂದಳೊಬ್ಬಳು.

ಅಷ್ಟು ಸಾಕು, ಚೆಲುವ ಓಡಿದ. ಹಗ್ಗ ಹಿಡಿದು ಎಮ್ಮೆಯನ್ನು ಹೊಸಿಲು ದಾಟಿಸಿ ನಡುಮನೆಗೇ ತಂದು ನಿಲ್ಲಿಸಿದ. ಕೊಂಬಿನಿಂದ ಕೊಂಬಿಗೆ ಗುಲಾಬಿ ದಂಡೆ, ಒಂದು ಎಸಳೂ ಉದುರಿಲ್ಲ! ಹೆಂಗಸರು ನಗುತ್ತ ಬಿಡಿಸಿಕೊಂಡು ರತ್ನಿಯ ಜಡೆಗೆ ಮುಡಿಸಿದರು. ಸಣ್ಣಮ್ಮನ ಮಾತು ಉಳಿಯಿತು. ಋಣ ತೀರಿತೇ ಅಂದರೆ, ಇಲ್ಲ. ಹಾಲಿನ ಋಣ ಹೂವಿಗೆ ತೀರುತ್ತದೆಯೇ? ತೀರದಿದ್ದರೇ ಚೆನ್ನ ಅನ್ನಿಸಿತು ಅವಳಿಗೆ.

ಆದರೂ ಬೈಯದೆ ಬಿಟ್ಟಾಳೆಯೇ?

"ಎಮ್ಮೆಯನ್ನ ಒಳಗೆ ತಂದೆಯಲ್ಲೋ!"

"ಹಾಲು ಕೊಟ್ಟವರನ್ನ ಬಾಗಿಲಲ್ಲಿ ನಿಲ್ಲಿಸಬಾರದು ಅಂದೆಯಲ್ಲವ್ವ?"

"ಹೂಂ, ಕರೆದದ್ದಾಯ್ತಲ್ಲ, ಎಲೆ ಹಾಕಿ ಊಟಾನೂ ಬಡಿಸು!" ಎಂದು ರೇಗಿ ಸಣ್ಣಮ್ಮ ಅಡಿಗೆಮನೆಗೆ ಹೋದಳು.

ಪಾಯಸದ ಪಾತ್ರೆ ಹಿಡಿದು ಹೊರಗೆ ಬಂದು ನೋಡುತ್ತಾಳೆ, ಪಂಕ್ತಿಯಲ್ಲಿ ಮರಿಗೌಡನ ಪಕ್ಕದಲ್ಲೇ ಎಮ್ಮೆ! ತನ್ನ ಹೋಳಿಗೆ ಮುಗಿಸಿ, ತನ್ನ ಬಾಳೆಲೆಯನ್ನೂ ಮುಗಿಸಿ, ಮರಿಗೌಡನ ಎಲೆಗೆ ಬಾಯಿ ಹಾಕಿದೆ. ಚೆಲುವ ಮುದುಕನ ಹೆಗಲು ತಟ್ಟಿ ಹೇಳುತ್ತಿದ್ದಾನೆ:

"ಸ್ವಲ್ಪ ಸರ್ಕೊಳ್ಳಿ ತಾತ. ಅದಕ್ಕಿನ್ನೂ ಪಾಯಸ ಬಡಿಸಿಲ್ಲ!"