ಕುಂಬಾ ನೀರಿನ ರುಚಿ ನೋಡಿದ್ದು

ಏಳು ಸಮುದ್ರ ದಾಟಿದ ಮೇಲೆ ಒಂದು ಊರಿತ್ತಂತೆ. ಊರು ಅಂದ್ರೆ ಊರೇನೂ ಆಗಿರಲಿಲ್ಲ ಬಿಡಿ. ನಾಲ್ಕು ಮರದ ಮನೆ, ಸುತ್ತ ಜವುಗು, ಮುಂದೆ ಹೊಳೆ, ಹೊಳೆಯ ಕೊನೆಗೆ ಕಡಲು. ಆ ಸೀಮೆಗೆ ಕರೋಲಿನಾ ಅಂತ ಹೆಸರಿಟ್ಟುಕೊಂಡು ಬಿಳಿಯರು ಹಡಗಿನಿಂದ ಬಂದಿಳಿದರಂತೆ. ಅಲ್ಲಿ ಮೊದಲೇ ಜನ ಇರಲಿಲ್ಲವೇ? ಇದ್ದರು. ಅವರನ್ನ ಕೇಳಿದವರು ಯಾರು! ದೂರದಲ್ಲಿ ಕೂತ ರಾಜ ಕಾಗದ ಬರೆದುಕೊಟ್ಟ, ಇವರು ಬೇಲಿ ಹಾಕಿದರು.

ಅವರಲ್ಲಿ ಹ್ಯಾಲೆಟ್ ಅಂತ ಒಬ್ಬ ಧಣಿ. ಅವನಿಗೆ ಯಾರೋ ಒಂದು ಚೀಲ ಬಿತ್ತನೆ ಭತ್ತ ಕೊಟ್ಟರಂತೆ. ಗೋಧಿ ಬೆಳೆದ ಕೈ, ಭತ್ತ ಕಂಡಿದ್ದೇ ಇಲ್ಲ. ತಗೊಂಡು ಹೋಗಿ ದಿಬ್ಬದ ಮೇಲೆ ಎರಚಿದ! ಮೊದಲನೇ ವರ್ಷ ಹಕ್ಕಿ ತಿಂತು, ಎರಡನೇ ವರ್ಷ ಬಿಸಿಲು ತಿಂತು, ಮೂರನೇ ವರ್ಷ ಮೊಳಕೆಯೇ ಏಳಲಿಲ್ಲ.

ಆ ಧಣಿಯ ಆಳುಗಳ ಹಟ್ಟಿಯಲ್ಲಿ ಕುಂಬಾ ಅಂತ ಒಬ್ಬ ಹೆಂಗಸು ಇದ್ದಳಂತೆ. ಕೂಲಿಗೆ ಬಂದವಳಲ್ಲ. ಆಫ್ರಿಕಾದ ಹೊಳೆದಂಡೆಯಲ್ಲಿ ಹಿಡಿದು, ಸರಪಳಿ ಬಿಗಿದು, ಹಡಗಿನ ಹೊಟ್ಟೆಗೆ ತುಂಬಿ ತಂದು ಮಾರಿದ್ದರು. ಗಂಡ ದಾರಿಯಲ್ಲೇ ಸತ್ತ. ಉಳಿದದ್ದು ಮಗಳು ಫೆಂಡಾ ಒಬ್ಬಳೇ, ಹತ್ತು ವರ್ಷದ ಕೂಸು.

ಬೆಳೆ ಕೈಗೆ ಹತ್ತದ ಸಿಟ್ಟಿಗೆ ಧಣಿ, "ಈ ಹುಡುಗೀನ ಮಾರಿಬಿಡ್ತೀನಿ" ಅಂದ. ಕುಂಬಾ ಓಡಿ ಬಂದು ಅಡ್ಡ ನಿಂತಳು.

"ಧಣೀ, ಭತ್ತಾನ ದಿಬ್ಬ ಹತ್ತಿಸಿದ್ರೆ ಬದುಕುತ್ತಾ? ನಮ್ಮ ಸೀಮೇಲಿ ಭತ್ತ ಬೆಳೆಯೋರು ಹೆಂಗಸರೇ. ನಾನು ಬೆಳೆದುಕೊಡ್ತೀನಿ. ನನ್ನ ಮಗಳು ನನ್ನ ಹತ್ರಾನೇ ಇರಬೇಕು."

ಧಣಿ ತನ್ನ ದೇವರ ಪುಸ್ತಕದ ಮೇಲೆ ಕೈಯಿಟ್ಟ. "ಈ ನೆಲದಲ್ಲಿ ಭತ್ತ ಇರೋವರೆಗೂ ನಿನ್ನ ಮಗಳು ನಿನ್ನ ಹತ್ತಿರ ಇರ್ತಾಳೆ" ಅಂದನಂತೆ.

ಕುಂಬಾ ಜವುಗಿಗೆ ಇಳಿದಳು. ಏರಿ ಕಟ್ಟಿಸಿದಳು, ಮರದ ದಿಮ್ಮಿ ಕೊರೆಸಿ ಏರಿಯೊಳಗೆ ತೂಬು ಇಡಿಸಿದಳು. ಬೀಜಕ್ಕೆ ಕೆಸರು ಮೆತ್ತಿ, ಹಿಮ್ಮಡಿಯಿಂದ ಗುಳಿ ಒತ್ತಿ, ಬೀಜ ಹಾಕಿ, ಅದೇ ಕಾಲಿಂದ ಮುಚ್ಚಿದಳು. ಆ ಹೊಳೆಯ ಗುಣ ಕೇಳಿ: ದಿನಕ್ಕೆ ಎರಡು ಸಲ ಕಡಲು ಉಕ್ಕಿ ಹೊಳೆಯನ್ನ ಹಿಂದಕ್ಕೆ ದಬ್ಬುತ್ತೆ. ಆಗ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ. ಹೊಳೆ ಸೊರಗಿದ ವರ್ಷ ಉಪ್ಪು ಮೇಲಕ್ಕೂ ಬರುತ್ತೆ. ಅದಕ್ಕೇ ಕುಂಬಾ ಪ್ರತಿಸಲ ತೂಬಿನ ಹತ್ತಿರ ಬಾಗಿ, ಬೊಗಸೆ ನೀರೆತ್ತಿ ಬಾಯಿಗೆ ಹಾಕೋಳು. ನಾಲಿಗೆ ಒಪ್ಪಿದರೆ ತೂಬು ತೆಗೆಸೋಳು, ಇಲ್ಲಾಂದ್ರೆ ಇಲ್ಲ.

ಒಂದು ವರ್ಷ ಬೆಳೀತು, ಎರಡು ವರ್ಷ ಬೆಳೀತು, ಐದು ವರ್ಷ ಬೆಳೀತು. ಧಣಿಯ ಮರದ ಮನೆ ಇಟ್ಟಿಗೆ ಮನೆಯಾಯ್ತು. ಏರಿಯ ಮೇಲೆ ನಿಂತು ಅವನು ಎಲ್ಲಾ ನೋಡಿಕೊಂಡ. ಏರಿ ನೋಡಿದ, ತೂಬು ನೋಡಿದ, ಕಡಲು ಉಕ್ಕೋ ಹೊತ್ತು ನೋಡಿದ. ಕುಂಬಾ ಬಾಗಿ ನೀರು ಬಾಯಿಗೆ ಹಾಕೋದನ್ನೂ ನೋಡಿ, "ಕಾಡುಜನ, ಹೊಳೆಗೆ ಪೂಜೆ ಮಾಡ್ತಾರೆ" ಅಂತ ನಕ್ಕನಂತೆ. ಒಂದು ಮಾತು ಕೇಳಬಾರದಾಗಿತ್ತಾ, ಯಾಕೆ ಅಂತ? ಆಳನ್ನ ಕೇಳಿದರೆ ಧಣಿತನ ಸವೆದುಹೋಗುತ್ತಲ್ಲ!

ಆರನೇ ವರ್ಷ ಮಳೆ ಕಮ್ಮಿ, ಹೊಳೆ ಬಡವಾಯ್ತು. ಅದೇ ವರ್ಷ ಮೇಲಣ ಊರಿನ ಒಬ್ಬ ಧಣಿ ಫೆಂಡಾಳನ್ನ ಕ್ರಯಕ್ಕೆ ಕೇಳಿದ. ಹ್ಯಾಲೆಟ್ ಮಾರಿಬಿಟ್ಟ.

"ಭತ್ತ ಇರೋವರೆಗೂ ಅಂದಿದ್ರಲ್ಲ ಧಣೀ!"

"ಭತ್ತ ಬೆಳೆಯೋದು ಹೊಳೆ. ನೀನಲ್ಲ."

ಫೆಂಡಾಳನ್ನ ದೋಣಿಗೆ ಹತ್ತಿಸಿದರು. ಅಮ್ಮಾ ಅಮ್ಮಾ ಅಂತ ಅವಳು ಕೂಗಿದ್ದು ತಿರುವಿನಾಚೆಗೂ ಕೇಳಿಸ್ತಿತ್ತಂತೆ. ಹೆತ್ತ ಕರುಳು, ಹೇಗೆ ತಡ್ಕೊಂಡಿತೋ.

ಅಷ್ಟರಲ್ಲಿ ಕಡಲು ಉಕ್ಕಿತು. ಧಣಿ ತಾನೇ ತೂಬಿಗೆ ಕೈ ಹಾಕಿದ. ಕುಂಬಾ ಕಣ್ಣೊರೆಸಿಕೊಂಡು ಒಂದು ಸಲ ಹೇಳಿದಳು, "ನೀರು ಬಾಯಿಗೆ ಹಾಕಿ ನೋಡಿ." ಎರಡು ಸಲ ಹೇಳಿದಳು. ಮೂರನೇ ಸಲ ಹೇಳಿದಾಗ ಅವನು, "ನಿನ್ನ ಪೂಜೆ ನನಗೆ ಬೇಡ" ಅಂತ ತೂಬು ಎತ್ತಿದ. ನೀರು ಗದ್ದೆಗೆ ನುಗ್ಗಿತು.

ಮೂರು ದಿನಕ್ಕೆ ಹಸಿರು ಹಳದಿಯಾಯ್ತು, ಆರು ದಿನಕ್ಕೆ ತೆನೆ ಸುಟ್ಟುಹೋಯ್ತು. ಒಂದು ಹಿಡಿ ಭತ್ತ ಉಳಿಯಲಿಲ್ಲ.

"ಏನು ಮಾಟ ಮಾಡಿದೆ?" ಅಂತ ಧಣಿ ಚಾವಟಿ ಹಿಡಿದು ಬಂದ. ಕುಂಬಾ ಬೊಗಸೆ ನೀರೆತ್ತಿ ಚಾಚಿದಳು. ಆಗ ಕುಡಿದ ನೋಡಿ! ಥೂ ಅಂತ ಉಗುಳಿದ. ಚಾವಟಿ ಕೈಯಿಂದ ಜಾರಿತು.

"ಮುಂದಿನ ಬೆಳೆ ಉಳಿಸಿಕೊಡು. ಏನು ಕೇಳಿದರೂ ಕೊಡ್ತೀನಿ" ಅಂದ.

"ಮಗಳನ್ನ ಕರೆಸಿ. ಆಮೇಲೆ ಮಾತು."

ದುಡ್ಡು ಹೊತ್ತು ದೋಣಿ ಹೋಯ್ತು, ಫೆಂಡಾ ಬಂದಳು. ತಾಯಿ ಮಗಳ ತಲೆ ನೇವರಿಸುತ್ತಾ ಧಣಿಗೆ ಹೇಳಿದಳಂತೆ, "ಉಪ್ಪು ಎಲ್ಲಿಂದ ಹತ್ತಿಬಂದಿದೆ ಅಂತ ರುಚಿ ನೋಡ್ತಾ ಕಡಲವರೆಗೂ ಹೋಗಬೇಕು. ನನ್ನ ನಾಲಿಗೆ ಹಳೇದಾಯ್ತು, ಎಳೇ ನಾಲಿಗೇನೂ ಬೇಕು. ಒಂದು ದೋಣಿ ಕೊಡಿ."

ಒಂದು ಹನಿ ನಂಬದೆ ಕೆಟ್ಟವನು ಈಗ ಹೊಳೆಪೂರ್ತಿ ನಂಬಿದ. ದೋಣಿ ಕೊಟ್ಟ, ದಾರಿಗೆ ಅಕ್ಕೀನೂ ಕೊಟ್ಟ.

ತೆಂಕಲಿಗೆ ಹೋದರೆ ಇನ್ನೊಬ್ಬ ರಾಜನ ಸೀಮೆ, ಅಲ್ಲಿಗೆ ಓಡಿ ಮುಟ್ಟಿದವರಿಗೆ ಬಿಡುಗಡೆ ಅಂತ ಹಟ್ಟಿಯಲ್ಲಿ ಎಲ್ಲರೂ ಪಿಸುಗುಟ್ಟೋರು. ಇಳಿಯೋ ನೀರಿನ ಜೊತೆ ದೋಣಿ ಕಡಲ ಕಡೆಗೆ ಸಾಗಿತು. ಕುಂಬಾ ತಿರುವಿಗೊಂದು ಸಲ ನೀರು ಬಾಯಿಗೆ ಹಾಕೋಳು. ಸಪ್ಪೆ. ಒಗರು. ಕೊನೆಗೆ ಅವಳ ಕೆನ್ನೆ ಮೇಲೂ ನೀರು, ಬಾಯೊಳಗೂ ನೀರು.

"ಹೇಗಿದೆಯಮ್ಮಾ?" ಅಂದಳು ಫೆಂಡಾ.

"ಉಪ್ಪು ಮಗಳೇ, ಬರೀ ಉಪ್ಪು. ತೆಂಕಲಿಗೆ ತಿರುಗಿಸು, ಜೋರಾಗಿ ಹುಟ್ಟು ಹಾಕು."

ಮುಟ್ಟಿದರಂತೆ. ಧಣಿ ಏರಿಯ ಮೇಲೆ ದಾರಿ ಕಾದ, ಕಾದ, ಬಿತ್ತೋ ಕಾಲ ಬಂದು ಹೋಯ್ತು. ಆದರೆ ಹಟ್ಟಿಯ ಉಳಿದ ಜನಕ್ಕೆ ದೋಣಿ ಸಿಗಲಿಲ್ಲ. ಮುಂದೆ ಕರೋಲಿನಾ ಸೀಮೆಯವರು ಅಕ್ಕಿಯಿಂದ ಮೆರೆದರಂತೆ. ಅದು ಯಾರ ಹಿಮ್ಮಡಿ ಒತ್ತಿದ ಅಕ್ಕಿ ಅಂತ ಉಣ್ಣೋವಾಗ ಯಾರೂ ಹೇಳಲಿಲ್ಲ. ನಾನು ಹೇಳಿದೆ.

ತಾಯಿ ಮಗಳು ಆ ದಡದಲ್ಲಿ ತಮ್ಮ ಗಂಜಿ ತಾವು ಉಂಡರು, ನಾವು ಈ ದಡದಲ್ಲಿ ಅವರ ಕತೆ ಉಂಡೆವು.