ಯಾರಪ್ಪನ ಮರಡಿ

ನಂಬುವುದಿಲ್ಲ ಎನ್ನುವವರು ನಂಬದೆಯೇ ಕೂತು ಕೇಳಲಿ. ಕೊನೆಯವರೆಗೆ ಕೇಳಿಯೂ ನಂಬದೆ ಎದ್ದುಹೋದವರನ್ನು ನಾನಿನ್ನೂ ಕಂಡಿಲ್ಲ. ನಮ್ಮ ಕಡ್ಲಿಹಾಳದ ಪಡುವಣಕ್ಕೆ, ಕಣ್ಣು ಹರಿಯುವಷ್ಟು ದೂರ ಹಬ್ಬಿದ ಕಪ್ಪು ಎರೆಹೊಲಗಳ ನಡುವೆ, ಕೆಂಪು ಗರಸಿನ, ಅಂದರೆ ಹರಳುಗಲ್ಲಿನ, ಒಂದು ಮರಡಿಯಿದೆ, ಪುಟ್ಟ ಗುಡ್ಡ. ನೆತ್ತಿಯ ಮೇಲೊಂದು ನೆಟ್ಟ ಕಲ್ಲು, ಕಲ್ಲಿಗೆ ಸುತ್ತಿದ ಕುರಿಯ ಉಣ್ಣೆ. ಹೊಸಬರು ಬಂದು "ಇವ ಯಾರಪ್ಪಾ?" ಎಂದರೆ ನಾವು "ಹೌದ್ರಿ" ಎನ್ನುತ್ತೇವೆ. ಮತ್ತೆ ಕೇಳುತ್ತಾರೆ, ಮತ್ತೆ ಹೌದೆನ್ನುತ್ತೇವೆ. ತಲೆ ಕೆರೆದುಕೊಂಡು ಹೋದವರೇ ಹೆಚ್ಚು. ಸುತ್ತ ಹತ್ತೂರಲ್ಲಿ ಇಂಥ ಹೆಸರಿನ ಜಾಗ ಇನ್ನೊಂದಿದ್ದರೆ ನನ್ನ ಮೀಸೆ ಬೋಳಿಸಿ.

ಹಿಂದೆ ಒಮ್ಮೆ, ಇಂಗ್ಲಿಷರು ಆಳುವಾಗ, ನಮ್ಮ ಸೀಮೆಯ ಹತ್ತಿಗೆ ಕಡಲಾಚೆಯಿಂದ ಕರೆ ಬಂತು ಎನ್ನುತ್ತಾರೆ. ಜೋಳದ ಹೊಲಕ್ಕೆ ಹತ್ತಿ ಬಂತು, ಕುರಿ ಮೇಯುವ ಬೀಳಿಗೂ ಹತ್ತಿ ಬಂತು. ಉಳಿದದ್ದು ಏನೂ ಬೆಳೆಯದ ಈ ಮರಡಿ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ. ಗರಸಿನ ಮೇಲೆ ನಿಂತದ್ದು ಬದುಕುತ್ತದೆ. ಹಿಂಡು ಬದುಕಿದರೆ ಹೊಲಕ್ಕೆ ಗೊಬ್ಬರ, ಕುರುಬನಿಗೆ ಜೋಳ, ಊರಿಗೆ ಕಂಬಳಿ. ಆದರೆ ಅದೇ ಎರೆಯಲ್ಲಿ ಹತ್ತಿಯ ಗಾಡಿಗಳೂ ಹೂತುಹೋಗುತ್ತಿದ್ದವು. ಗಾಡಿದಾರಿಗೆ ಗರಸು ಬೇಕೆಂದು ಸಾಹೇಬನೊಬ್ಬ ಅಳತೆಯ ಸರಪಳಿಯೊಂದಿಗೆ ಬಂದ. ಜೊತೆಗೆ ಕನ್ನಡ ಅರೆಬರೆ ಬಲ್ಲ ಕಾರಕೂನ. "ಮರಡಿ ಯಾರದು?" ಎಂದು ಕಾರಕೂನ ಕೇಳಿದ್ದಕ್ಕೆ ಕುರುಬರ ನೀಲವ್ವ, "ಯಾರಪ್ಪಂದೂ ಅಲ್ಲೋ ಯಪ್ಪಾ, ಎಲ್ಲಾರ್ದೂ!" ಎಂದು ಮೂತಿ ತಿರುವಿದಳು. ಅವನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ.

"ಯಾರಪ್ಪನನ್ನು ಕರೆಯಿರಿ."

"ಯಾರಪ್ಪನ್ನ ಕರೀಬೇಕ್ರಿ?"

"ಯಾರಪ್ಪನನ್ನೇ!"

"ನಮ್ಮಪ್ಪ ತೀರಿಕೊಂಡಾನ್ರಿ," ಎಂದ ಒಬ್ಬ. "ನಮ್ಮಪ್ಪಗ ಕಿವಿ ಕೇಳ್ಸೂದಿಲ್ರಿ," ಎಂದ ಇನ್ನೊಬ್ಬ.

ಸಾಹೇಬ ಸಿಡಿದ. ಒಡೆಯನಿರುವ ನೆಲವನ್ನು ಅವನ ಒಪ್ಪಿಗೆಯಿಲ್ಲದೆ ಅಗೆಯಕೂಡದು ಎಂಬುದು ಅವರದೇ ಕಾಯ್ದೆಯಂತೆ. ಸಂಜೆಯೊಳಗೆ ಯಾರಪ್ಪ ಬಾರದಿದ್ದರೆ ಗುದ್ದಲಿ ಬೀಳುತ್ತದೆ ಎಂದ. ಊರು ಕಕ್ಕಾಬಿಕ್ಕಿ. ಆಗ ನೀಲವ್ವನ ಮಗ ಕಂಬಳಿ ಕೊಡವಿ ಮುಂದೆ ಬಂದು, "ನಾನ ಯಾರಪ್ಪ. ಅಗಿಯಾಕ ಕೊಡೂದಿಲ್ಲ," ಎಂದನು. ಕಾರಕೂನ ಆ ಹೆಸರನ್ನೇ ಬರೆದುಕೊಂಡ, ಸಾಹೇಬ ಸರಪಳಿ ಸುತ್ತಿಕೊಂಡು ಹೋದ. ಆ ನೀಲವ್ವನ ಮಗನೇ ನಮ್ಮ ಮುತ್ತಜ್ಜ. ಇನ್ನೂ ಆರು ಮನೆಯವರು ತಮ್ಮ ಮುತ್ತಜ್ಜನೆನ್ನುತ್ತಾರೆ, ಅನ್ನಲಿ. ಅಂದಿನಿಂದ ಅವನ ನಿಜ ಹೆಸರನ್ನು ಯಾರೂ ಎತ್ತಲಿಲ್ಲ. ಕಾರಕೂನ ಯಾವ ಬೇಲಿಯ ಹಿಂದಿದ್ದಾನೋ ಎಂಬ ಭಯ. ಹೆತ್ತವಳ ಬಾಯಲ್ಲೂ ಯಾರಪ್ಪ. ಮುಪ್ಪಾಗಿ ಸಾಯುವಾಗ, "ನನ್ನ ಹೆಸರ ಹಿಡದ ಒಮ್ಮೆ ಕರೀರೋ," ಎಂದು ಬೇಡಿದನಂತೆ. ನೀಲವ್ವ ಆಗಲೇ ಇರಲಿಲ್ಲ. ಬಾಯಿ ತೆರೆದವರಿಗೆಲ್ಲ ಹೆಸರು ಮರೆತಿತ್ತು. ಒಬ್ಬ ಹಾಲಗುಂಡ ಎಂದ, ಒಬ್ಬ ಮಾಳಿಂಗ ಎಂದ. ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ, ಆ ಜಗಳ ಇನ್ನೂ ಹರಿದಿಲ್ಲ.

ಗಾಡಿದಾರಿ ಇಂದಿಗೂ ಮರಡಿಯನ್ನು ಸುತ್ತುಬಳಸಿಯೇ ಹೋಗುತ್ತದೆ. ಮಳೆ ಹಿಡಿದಾಗ ಬಂದರೆ ಅದರ ಮೇಲೆ ಕುರಿಗಳು ಒತ್ತೊತ್ತಾಗಿ ನಿಂತಿರುವುದನ್ನು ನೋಡಬಹುದು. ಕಲ್ಲಿನ ಮೇಲೆ ಅಕ್ಷರ ಹುಡುಕಬೇಡಿ, ಕೆತ್ತಲು ಹೆಸರಿರಲಿಲ್ಲ. ಕೊನೆಗೆ ಊರು ಅವನಿಗೆ ಕೊಟ್ಟದ್ದು ಆ ಕಲ್ಲು, ಮತ್ತು ಉಣ್ಣೆ ಕತ್ತರಿಸಿದಾಗಲೆಲ್ಲ ಮೊದಲ ಹಿಡಿ ಉಣ್ಣೆ.