ಜವಾನ ಸಣ್ಣಪ್ಪನ ಇಂಗ್ಲಿಷ್ ಗುರು

ಹೆಡ್ ಗುಮಾಸ್ತ ವರದಯ್ಯನವರಿಗೆ ಹೊಟ್ಟೆಯುರಿ. ಎಷ್ಟು ಮಜ್ಜಿಗೆ ಕುಡಿದರೂ ಆರದ ಉರಿ. ಕಾರಣ, ಕಚೇರಿಯ ಜವಾನ ಸಣ್ಣಪ್ಪ. ಇಂಗ್ಲಿಷಿನಲ್ಲಿ ಸದ್ದು ಒಂದೇ, ಸ್ಪೆಲ್ಲಿಂಗೂ ಅರ್ಥವೂ ಬೇರೆ ಇರುವ ಜೋಡಿ ಮಾತುಗಳುಂಟಲ್ಲ, ಅವುಗಳಲ್ಲಿ ಎಲ್ಲಿಗೆ ಯಾವುದು ಅಂತ ಅವನು ಥಟ್ಟನೆ ಹೇಳುತ್ತಿದ್ದ. "ಪತ್ರ ನನ್ನ ಮೇಜಿಗೆ ಬರುವ ಮುಂಚೆ ಸಣ್ಣಪ್ಪನಿಗೆ ತೋರಿಸಿ" ಅಂತ ಸಾಹೇಬರೇ ಅಪ್ಪಣೆ ಮಾಡಿಬಿಟ್ಟಿದ್ದರು.

ಒಂದು ದಿನ ವರದಯ್ಯನವರು ಸಾಹೇಬರ ಎದುರೇ ಗುಡುಗಿದರು. "ಏಳನೇ ಕ್ಲಾಸಿನವನಿಗೆ ಇಂಗ್ಲಿಷ್ ಕಲಿಸಿದ್ದು ಯಾರೋ? ಆ ಗುರುವನ್ನು ತೋರಿಸು. ಇಲ್ಲದಿದ್ದರೆ ಇನ್ನು ಕಾಗದ ಮುಟ್ಟಬೇಡ!"

ಸಣ್ಣಪ್ಪ ಅವರಿಗೇ ಕೈಮುಗಿದ. "ತಾವೇ ಸ್ವಾಮಿ. ಹನ್ನೆರಡು ವರ್ಷದಿಂದ ತಮ್ಮಿಂದಲೇ ಕಲಿತೆ."

ವರದಯ್ಯನವರ ಎದೆ ಉಬ್ಬಿತು. "ಅದು ಹೇಗೋ?"

ಸಣ್ಣಪ್ಪ ತನ್ನ ಸ್ಟೂಲಿನ ಕೆಳಗಿನಿಂದ ಒಂದು ಕಂತೆ ತಂದು ಬಿಚ್ಚಿದ. ಅಷ್ಟೂ ವರದಯ್ಯನವರು ಕಸದ ಬುಟ್ಟಿಗೆ ಎಸೆದ ಕರಡುಗಳು. ಪುಟಪುಟಕ್ಕೂ ಸಾಹೇಬರು ತಿದ್ದಿದ ಕೆಂಪು ಶಾಯಿ.

"ತಾವು ಯಾವುದು ಬರೀತೀರೋ ನೋಡ್ಕೋತೀನಿ ಸ್ವಾಮಿ. ಅದು ಬಿಟ್ಟು ಜೋಡಿಯ ಇನ್ನೊಂದನ್ನ ಹೇಳ್ತೀನಿ. ಇವತ್ತಿನವರೆಗೂ ತಪ್ಪಿಲ್ಲ."